ತಗಡಿನ ಮುಚ್ಚಳದ ಬೇರಿಂಗ್

ನಾನು ನಿಂತದ್ದು ಶಹಾಪುರದ ನಮ್ಮ ಮನೆಯ ಅಡುಗೆಮನೆಯಲ್ಲಿ, ಒಲೆಗೂ ಜೋಳದ ಕಣಜಕ್ಕೂ ನಡುವಿನ ಇಕ್ಕಟ್ಟಿನ ಜಾಗದಲ್ಲಿ, ಬೆನ್ನನ್ನು ಕಣಜಕ್ಕೆ ತಾಗಿಸಿಕೊಂಡು. ರೊಟ್ಟಿ ಬಡಿದು ಮುಗಿದಿತ್ತು, ಮಧ್ಯಾಹ್ನ ಇನ್ನೂ ಆಗಿರಲಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಬಿದ್ದ ಬಿಸಿಲು ನೇರವಾಗಿ ಒಲೆಯ ಕಟ್ಟೆಯ ಮೇಲಿತ್ತು. ಆದ್ದರಿಂದ ನಾನು ಕಂಡದ್ದನ್ನು ಕತ್ತಲಲ್ಲಿ ಕಂಡೆ ಎಂದು ಯಾರೂ ಹೇಳುವಂತಿಲ್ಲ. ನಮ್ಮ ಕಡೆಯ ಕಾಲುವೆಗೆ ಮೊದಲ ಸಲ ನೀರು ಬಿಟ್ಟ ಹಂಗಾಮು ಅದು. ನಾನು ಏಳನೆಯ ತರಗತಿಯಲ್ಲಿದ್ದೆ. ನನ್ನ ಎರಡೂ ಕಾಲುಗಳು ಆಗ ಸರಿಯಾಗಿದ್ದವು.

ಅಡುಗೆಮನೆಯಲ್ಲಿ ಎಂಜಿನ್ ಯಾಕಿತ್ತು ಎಂಬುದನ್ನು ಮೊದಲು ಹೇಳಬೇಕು. ನಮ್ಮದು ಉದ್ದನೆಯ ಮಣ್ಣಿನ ಮಾಳಿಗೆ ಮನೆ. ಬೀದಿಗೆ ತೆರೆದ ಪಡಸಾಲೆಯೇ ಸ್ಕೂಟರ್ ರಿಪೇರಿಯ ಅಂಗಡಿ, ಅದರ ಹಿಂದೆ ನಡುಮನೆ, ನಡುಮನೆಯ ಹಿಂದೆ ಅಡುಗೆಮನೆ, ಆಮೇಲೆ ಹಿತ್ತಲು. ಅಂಗಡಿಯ ವಾಸನೆಗೂ ಒಗ್ಗರಣೆಯ ವಾಸನೆಗೂ ನಡುವೆ ಇದ್ದದ್ದು ಆ ನಡುಮನೆಯಷ್ಟೇ, ಅದರ ಬಾಗಿಲುಗಳಿಗೆ ಕದವೂ ಇರಲಿಲ್ಲ. ಅಪ್ಪ ಮಲ್ಲಪ್ಪ ಹಿರಿಯ, ಕಾಕಾ ಸಾಬಣ್ಣ ಕಿರಿಯ. ಅಜ್ಜ ಬೇಗ ತೀರಿಕೊಂಡದ್ದರಿಂದ ಕಾಕಾನನ್ನು ಬೆಳೆಸಿದ್ದು ಅಪ್ಪನೇ. ಸೈಕಲ್ ಪಂಚರ್ ತಿದ್ದುವ ಅಂಗಡಿಯಾಗಿದ್ದ ಪಡಸಾಲೆ, ಕಾಲುವೆಯ ಕೆಲಸ ಬಂದ ಮೇಲೆ ಸ್ಕೂಟರ್ ಅಂಗಡಿಯಾಯಿತು. ಕ್ಯಾಂಪಿನ ಓವರ್ಸಿಯರುಗಳು, ಗುತ್ತೇದಾರರ ಗುಮಾಸ್ತರು, ಮಣ್ಣಿನ ದಂಡೆಯ ಮೇಲೆ ಓಡಾಡುವವರೆಲ್ಲ ಹಳೆಯ ಕಾಲದ ಸ್ಕೂಟರುಗಳನ್ನು ತಂದಿದ್ದರು. ಎಲ್ಲೋ ಹತ್ತಿಪ್ಪತ್ತು ವರ್ಷ ಓಡಿ ಸುಸ್ತಾದ ಗಾಡಿಗಳು. ದಂಡೆಯ ಧೂಳು ಅವನ್ನು ಪೂರ್ತಿ ಮುಗಿಸುತ್ತಿತ್ತು. ಅವುಗಳ ಹೊಟ್ಟೆಯಲ್ಲಿ ಮೊದಲು ಸಾಯುತ್ತಿದ್ದದ್ದು ತಿರುಗುವ ಕ್ರ್ಯಾಂಕ್ ದಂಡದ ಎರಡು ಬದಿಯ ಬೇರಿಂಗುಗಳು.

ಬೇರಿಂಗ್ ಕೂರಿಸುವುದು ಕಾಕಾನ ಕೆಲಸ. ಊರಿನ ಉಳಿದವರು ಸುತ್ತಿಗೆಯಿಂದ ಬಡಿದು ಕೂರಿಸುತ್ತಿದ್ದರು. ಕಾಕಾ ಎಂಜಿನ್ನಿನ ಅಲ್ಯುಮಿನಿಯಂ ಗೂಡನ್ನು ಬಿಚ್ಚಿ, ತೊಳೆದು, ಒರೆಸಿ, ಅಡುಗೆಮನೆಗೆ ತಂದು ರೊಟ್ಟಿ ಹಂಚಿನ ಮೇಲೆ ಇಡುತ್ತಿದ್ದ. ರೊಟ್ಟಿಯಾದ ಮೇಲಿನ ಕೆಂಡದ ಬಿಸಿ ಅದಕ್ಕೆ ಸಾಕು, ಉರಿ ಬೇಡ. ಬೆರಳು ಅದ್ದಿ ನೀರು ಚಿಮುಕಿಸಿದಾಗ ಹನಿ ಕುಣಿದು ಆರಿದರೆ ಗೂಡು ಹಿಗ್ಗಿದೆ ಎಂದರ್ಥ. ಆಗ ತಣ್ಣನೆಯ ಬೇರಿಂಗನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟರೆ, ಅದು ‘ಟಕ್’ ಎಂದು ತಾನೇ ಹೋಗಿ ಕೂತುಬಿಡುತ್ತಿತ್ತು. ಆ ಒಂದು ಸದ್ದಿಗಾಗಿ ಮನೆಯ ಹೆಂಗಸರೆಲ್ಲ ಕೈಕೆಲಸ ಬಿಟ್ಟು ನಿಲ್ಲುತ್ತಿದ್ದೆವು. ಅವ್ವ ಮಾತ್ರ ಹಂಚಿನ ಕಾರಣಕ್ಕೆ ಪ್ರತಿಸಲ ಜಗಳ ತೆಗೆಯುತ್ತಿದ್ದಳು.

“ನಾಳಿ ರೊಟ್ಟಿ ಬಾಯಾಗ ಇಟ್ರ ಇಂಜನ್ ವಾಸನಿ ಬರ್ತದ. ನಿಮ್ಮಣ್ಣ ಉಣ್ಣಂಗಿಲ್ಲ, ಬೈಸಿಕೊಳ್ಳಾಕಿ ನಾನು!”

“ಉಣಲಿ ಬಿಡ್ರಿ ವೈನಿ. ಹೊಟ್ಯಾಗ ನಾಕು ಹನಿ ಆಯಿಲ್ ಹೋದ್ರ ಅಣ್ಣನ ಸಿಟ್ಟರ ಸವೀತದ.”

ಅವ್ವ ಸೌಟು ಎತ್ತುತ್ತಿದ್ದಳು, ಕಾಕಾ ಗೂಡನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಓಡುತ್ತಿದ್ದ. ಅವನ ಹೆಂಡತಿ, ನನ್ನ ಚಿಗವ್ವ ನಿಂಗವ್ವ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವಳು ಸುರಪುರದವಳು. ಮದುವೆಯಾಗಿ ಬಂದು ಬಹಳ ವರ್ಷವಾಗಿರಲಿಲ್ಲ. ನಮ್ಮ ಮನೆಯ ರಿವಾಜಿನಂತೆ ಅವಳು ಅಪ್ಪನೊಂದಿಗೆ ಮಾತಾಡುತ್ತಿರಲಿಲ್ಲ. ಅಪ್ಪ ಅವಳಿಗೆ ಭಾವ. ಭಾವನ ಎದುರು ತಮ್ಮನ ಹೆಂಡತಿ ಸೆರಗು ಇಳಿಸಿ, ಗೋಡೆಯ ಕಡೆಗೆ ಮುಖ ಮಾಡಿ ನಿಲ್ಲಬೇಕು. ಹೇಳಲೇಬೇಕಾದ ಮಾತಿದ್ದರೆ ಮಕ್ಕಳ ಬಾಯಲ್ಲಿ ಹೇಳಿಸಬೇಕು. ಅಪ್ಪ ಊಟಕ್ಕೆ ಕೂತಾಗ ಅವಳು ಪಾತ್ರೆ ಹಿಡಿದು ಬಾಗಿಲ ಮರೆಯಲ್ಲಿ ನಿಂತು, “ಕೇಳ ನಿಮ್ಮಪ್ಪಗ, ಬ್ಯಾಳಿ ಹಾಕಲೇನು ಅಂತ” ಎನ್ನುವಳು. ಅವಳ ಮಾತು ಅಪ್ಪನಿಗೆ ಕೇಳಿಸಿಯೇ ಇರುತ್ತಿತ್ತು, ಆದರೂ ನಾನು ಮತ್ತೊಮ್ಮೆ ಹೇಳಬೇಕು. ಅಪ್ಪ ನನಗೆ “ಸಾಕು ಅನ್ನು” ಎನ್ನುವನು. ಹೀಗೆ ಒಂದೇ ಮನೆಯ ಇಬ್ಬರು ನನ್ನ ಬಾಯಿಯ ಮೂಲಕ ಬಡಿಸಿ ಉಣ್ಣುತ್ತಿದ್ದರು. ನನಗಿದು ಆಟವಾಗಿತ್ತು. ಇದು ಮುಂದೆ ಯಾರ ಕುತ್ತಿಗೆಗೆ ಬರುತ್ತದೆ ಎಂದು ಆಗ ತಿಳಿಯುವ ಹಾಗಿರಲಿಲ್ಲ.

ಕಾಕಾ ನನಗೆ ಬೇರಿಂಗ್ ಆರಿಸುವುದನ್ನು ಹೇಳಿಕೊಟ್ಟಿದ್ದ. ಹೆಣ್ಣುಮಗಳಿಗೆ ಯಾಕಿದು ಎಂದು ಅವನಿಗೆ ಅನಿಸಲೇ ಇಲ್ಲ. ಕೆಂಭಾವಿ ಸಂತೆಯಿಂದ ತಂದ ಮಂಡಾಳ ತಿನ್ನುತ್ತ, ಹಿತ್ತಲಲ್ಲಿ ಕೂತು, ನೆಲದ ಮೇಲೆ ಗೆರೆ ಎಳೆದು ತೋರಿಸಿದ್ದ.

“ನೋಡವ್ವ ಶಾಂತಾ, ಬೇರಿಂಗ್ ಅಂದ್ರ ಹೊಲ ಇದ್ದಂಗ. ಮೊದಲ ಕೇಳಬೇಕಾದ್ದು ಒಂದೇ ಮಾತು, ಇದಕ್ಕ ನೀರು ಎಲ್ಲಿಂದ? ಚೈನಿನ ಬಾಜೂದ್ದು ಕಾಲುವಿ ಹೊಲ. ಗೇರಿನ ಆಯಿಲ್ ಬಂದು ಬಂದು ತೋಯಿಸ್ತದ. ಅದಕ್ಕ ಬಾಯಿ ತೆರೆದದ್ದೇ ಹಾಕಬೇಕು, ಗುಂಡು ಕಾಣಬೇಕು. ಈಚಿ ಕಡೀದು ಕೆಲವು ಗಾಡ್ಯಾಗ ಭಾವಿ ಹೊಲ. ಎರಡು ಸೀಲಿನ ನಡುವ ನಾವೇ ಗ್ರೀಸ್ ತುಂಬಿ ಕೊಡಬೇಕು. ಕೆಲವು ಗಾಡ್ಯಾಗ ಅದೇ ಮಳಿ ಹೊಲ. ಪೆಟ್ರೋಲಿನಾಗ ಕಲಸಿದ ಆಯಿಲ್ ಒಂದು ಸಣ್ಣ ತೂತಿನಾಗಿಂದ ಹನೀತದ. ತೂತು ಅದನೋ ಇಲ್ಲೋ ನೋಡದ ಹಾಕಿದಾವ ಹೆಡ್ಡ.”

ಆಮೇಲೆ ಎರಡು ಬೇರಿಂಗುಗಳನ್ನು ನನ್ನ ಕಿವಿಯ ಬಳಿ ಅಲ್ಲಾಡಿಸಿದ. ಒಂದು ಸುಮ್ಮನಿತ್ತು, ಇನ್ನೊಂದು ಒಳಗೊಳಗೇ ಸಣ್ಣಗೆ ಗಿಲಕಿಯಂತೆ ನುಡಿಯಿತು. ಯಾವುದು ಒಳ್ಳೆಯದು ಎಂದು ಕೇಳಿದ. ನಾನು ಸುಮ್ಮನಿದ್ದದ್ದನ್ನು ತೋರಿಸಿದೆ. ಅವನು ನಕ್ಕ.

“ಎಲ್ಲಾರೂ ಹಂಗೇ ಅಂತಾರ, ನಿಮ್ಮಪ್ಪನೂ. ಗಟ್ಟಿ ಅದ ಅಂತ. ಅದು ಪಂಪಿನ ಮೋಟರಿಂದು. ಪಂಪು ತಣ್ಣಗ ತಿರಗ್ತದ. ಸ್ಕೂಟರಿಂದು ಕಾದ ಮ್ಯಾಲ ಬೇರಿಂಗ್ ಒಳಗ ಉಬ್ಬತದ. ಉಬ್ಬಾಕ ಜಾಗ ಇಲ್ಲಂದ್ರ ಕಚ್ಚಿಕೊಂಡು ನಿಂತುಬಿಡ್ತದ. ಗಿಲಗಿಲ ಅನ್ನೋದು ಸಡಲಲ್ಲವ್ವ, ಅದು ಉಸಿರಾಡೋ ಜಾಗ.”

ಕಾಲುವೆ ಬಂದ ಮೇಲೆ ಪೇಟೆಯಲ್ಲಿ ಸಾಲಾಗಿ ಪಂಪಿನ ಅಂಗಡಿಗಳು ತೆರೆದಿದ್ದವು. ಬೇರಿಂಗುಗಳು ಅಲ್ಲಿ ಗಾಜಿನ ಕಪಾಟಿನಲ್ಲಿ ಹೊಳೆಯುತ್ತಿದ್ದವು. ಅಳತೆ ಅದೇ, ಅಂಚಿನ ಮೇಲೆ ಕೆತ್ತಿದ ನಂಬರೂ ಅದೇ, ನಂಬರಿನ ಬಾಲದಲ್ಲಿ ಮಾತ್ರ ಆ ಉಸಿರಾಡುವ ಜಾಗವನ್ನು ಸೂಚಿಸುವ ಒಂದು ಅಕ್ಷರ ಇರುತ್ತಿರಲಿಲ್ಲ. ಎರಡೂ ಬದಿಗೆ ತಗಡಿನ ಮುಚ್ಚಳ, ಒಳಗೆ ಕಾರ್ಖಾನೆಯಲ್ಲೇ ತುಂಬಿದ ಗ್ರೀಸು. ಸ್ಕೂಟರಿಗೆ ಬೇಕಾದದ್ದು ಯಾದಗಿರಿಗೆ ಹೋದರೆ ಸಿಗುತ್ತಿತ್ತು, ಒಮ್ಮೊಮ್ಮೆ ಅಲ್ಲೂ ಇಲ್ಲ.

ಓವರ್ಸಿಯರ್ ಒಬ್ಬರ ಸ್ಕೂಟರ್ ನಮ್ಮಲ್ಲಿ ಬಿಚ್ಚಿ ಬಿದ್ದಿತ್ತು. ಅವರು ಮೈಸೂರು ಕಡೆಯವರು. ದಿನವೂ ಬಂದು ಪಡಸಾಲೆಯ ಕಟ್ಟೆಯ ಮೇಲೆ ಕೂತು ಹೋಗುತ್ತಿದ್ದರು. ಆ ದಿನ ಬೆಳಗ್ಗೆ ಕಾಕಾ ಬೇರಿಂಗ್ ತರಲು ಮೊದಲ ಬಸ್ಸಿಗೆ ಯಾದಗಿರಿಗೆ ಹೋಗಿದ್ದ. ನಾನು ನಡುಮನೆಯಲ್ಲಿ ಕೂದಲು ಬಾಚಿಕೊಳ್ಳುತ್ತಿದ್ದೆ. ಅವರ ಮಾತು ನನಗೆ ಕೇಳಿಸಿತು.

“ಏನು ಮಲ್ಲಪ್ಪ, ಬೋರ್ಡಲ್ಲಿ ಹೆಸರು ನಿಮ್ಮದು, ಕೆಲಸ ಎಲ್ಲ ತಮ್ಮಂದೇ ಅಲ್ವಾ? ತಮ್ಮ ಊರಲ್ಲಿಲ್ಲ ಅಂದ್ರೆ ಅಂಗಡಿಗೆ ಬೀಗ ಹಾಕ್ಕೊಂಡು ಮಲಕ್ಕೊಳ್ಳಿ ಅತ್ಲಾಗೆ.”

ಅಪ್ಪ ನಕ್ಕ. ಆ ನಗುವೂ ನನಗೆ ಕೇಳಿಸಿತು. “ಇವತ್ತ ಸಂಜೀಕ ಇಂಜನ್ ಕಟ್ಟೇ ಇಡ್ತೀನ್ರಿ ಸಾಹೇಬ್ರ” ಅಂದ. ಓವರ್ಸಿಯರ್ ಹೋದ ಮೇಲೆ ಅಪ್ಪ ಚಪ್ಪಲಿ ಮೆಟ್ಟಿಕೊಂಡು ಪೇಟೆಯ ಕಡೆ ಹೋದ. ಅವನು ಯಾವ ಅಂಗಡಿಗೆ ಹೋದ ಎಂಬುದನ್ನು ನಾನು ನೋಡಿಲ್ಲ. ನೋಡದ್ದನ್ನು ಹೇಳುವುದಿಲ್ಲ.

ಅವನು ಬಂದದ್ದನ್ನು ನೋಡಿದೆ. ಎಂಜಿನ್ನಿನ ಗೂಡನ್ನು ತಂದು ಹಂಚಿನ ಮೇಲಿಟ್ಟ. ಕಾಕಾ ಇಡುತ್ತಿದ್ದಂತೆಯೇ ಇಟ್ಟ, ನೀರನ್ನೂ ಚಿಮುಕಿಸಿದ. ಅವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು, ಅವಳು ಒಳಗೆ ಬರಲಿಲ್ಲ. ಚಿಗವ್ವ ಒಲೆಯ ಆಚೆ ಬದಿಗೆ, ಸೆರಗು ಇಳಿಸಿ ನಿಂತಿದ್ದಳು. ಅಪ್ಪ ಜೇಬಿನಿಂದ ಒಂದು ಸಣ್ಣ ಡಬ್ಬಿ ತೆಗೆದು, ಅದರಿಂದ ಬೇರಿಂಗ್ ತೆಗೆದ. ಬಿಸಿಲು ಅದರ ಮೇಲೆ ಬಿತ್ತು. ಗುಂಡುಗಳು ಕಾಣಲಿಲ್ಲ. ಕನ್ನಡಿಯಂತೆ ನುಣ್ಣಗೆ ತಗಡಿನ ಮುಚ್ಚಳ ಕಂಡಿತು. ಅಪ್ಪ ಅದನ್ನು ಕಿವಿಯ ಬಳಿ ಅಲ್ಲಾಡಿಸಿ, ಸದ್ದು ಬಾರದ್ದಕ್ಕೆ ತಲೆದೂಗಿದ. ಸೆರಗಿನ ಒಳಗಿನಿಂದ ಚಿಗವ್ವ ನನಗೆ ಹೇಳಿದಳು.

“ಕೇಳ ನಿಮ್ಮಪ್ಪಗ, ಅದು ಪಂಪಿಂದಲ್ಲೇನು ಅಂತ. ನಿಮ್ಮ ಕಾಕಾ ಬರೋತನಕ ತಡೀಬೇಕಂತ ಹೇಳು.”

ನಾನು ಹೇಳಿದೆ. ಅಪ್ಪ ನನ್ನ ಕಡೆ ನೋಡದೆ, ನನಗೇ ಹೇಳಿದ.

“ರೊಟ್ಟಿ ಬಡಿಯೋರು ರೊಟ್ಟಿ ಬಡೀಲಿ ಅನ್ನು.”

ಬೇರಿಂಗ್ ಬಿಟ್ಟ. ‘ಟಕ್’ ಎಂದಿತು, ಕಾಕಾ ಬಿಟ್ಟಾಗಿನಷ್ಟೇ ಚೆನ್ನಾಗಿ. ಆಮೇಲೆ ನಾನೂ ಚಿಗವ್ವನೂ ನೋಡಿದ್ದು ಇನ್ನೊಂದಿದೆ. ಬಿಸಿಗೆ ಮುಚ್ಚಳದ ಅಂಚಿನಿಂದ ಗ್ರೀಸು ತುಪ್ಪದ ಹಾಗೆ ಕರಗಿ ಹಂಚಿನ ಮೇಲೆ ಹನಿಯಿತು, ಹೊಗೆ ಎದ್ದಿತು. ಕಾಕಾನ ಬೇರಿಂಗುಗಳು ಹಂಚಿನ ಮೇಲೆ ಎಂದೂ ಹಾಗೆ ಹನಿದಿರಲಿಲ್ಲ. ಅಪ್ಪ ಅದನ್ನು ಅರಿವೆಯಿಂದ ಒರೆಸಿ, ಗೂಡನ್ನು ಎತ್ತಿಕೊಂಡು ಹೋದ.

ಸಂಜೆ ಕಾಕಾ ಎಣ್ಣೆಕಾಗದದಲ್ಲಿ ಸುತ್ತಿದ ಬೇರಿಂಗ್ ಹಿಡಿದು ಬಂದಾಗ ಎಂಜಿನ್ ಕಟ್ಟಿಯಾಗಿತ್ತು. ಕ್ರ್ಯಾಂಕ್ ಒಳಗೆ, ಸೀಲು ಮೇಲೆ, ಮುಚ್ಚಳಕ್ಕೆ ಬೋಲ್ಟು. ಅವರಿಬ್ಬರ ಮಾತು ನಡೆದದ್ದು ಪಡಸಾಲೆಯಲ್ಲಿ, ನಾವೆಲ್ಲ ನಡುಮನೆಯಲ್ಲಿದ್ದೆವು.

“ಯಾವುದು ಹಾಕಿದಿ ಅಣ್ಣ?”

“ನಮ್ಮ ಡಬ್ಬಿಯಾಗ ಒಂದು ಉಳಿದಿತ್ತು, ನೀನೇ ಇಟ್ಟಿದ್ದಿ. ಬರೋಬ್ಬರಿ ಕೂತಾದ.”

“ಒಂದ್ಸಲ ಬಿಚ್ಚಿ ನೋಡ್ಲೇನು?”

“ಯಾಕ? ನಾ ಕಟ್ಟಿದ್ದು ನೀ ಬಿಚ್ಚತೀಯಾ? ನಿನಗ ಚಡ್ಡಿ ಹಾಕ್ಕೊಳ್ಳಾಕ ಕಲಿಸಿದಾವ ನಾನು.”

ಕಾಕಾ ಬಿಚ್ಚಲಿಲ್ಲ. ಅಣ್ಣ ಕಟ್ಟಿದ ಗಂಟನ್ನು ತಮ್ಮ ಬಿಚ್ಚಬಾರದು ಎಂಬುದು ನಮ್ಮ ಮನೆಯ ಇನ್ನೊಂದು ರಿವಾಜು. ತಂದ ಬೇರಿಂಗನ್ನು ಕಾಗದ ಸಮೇತ ಅಡುಗೆಮನೆಯ ಗೋಡೆಯ ಗೂಡಿನಲ್ಲಿ, ದೀಪದ ಪಕ್ಕಕ್ಕೆ ಇಟ್ಟ. ಚಿಗವ್ವ ತಾನು ಕಂಡದ್ದನ್ನು ಅವನಿಗೆ ಹೇಳಿದಳೋ ಎಂದು ಬಹಳ ವರ್ಷದ ಮೇಲೆ ಕೇಳಿದೆ. ಹೇಳಿದ್ದಳಂತೆ. “ಅಣ್ಣ ನಂಗ್ಯಾಕ ಸುಳ್ಳು ಹೇಳ್ತಾನ, ಹಳೇದೊಂದು ಇದ್ದದ್ದು ಖರೆ, ನಾನೇ ಮರೆತಿದ್ದೆ” ಎಂದು ಮಗ್ಗುಲಾದನಂತೆ.

ಮರುದಿನ ಗಾಡಿಯನ್ನು ಕ್ಯಾಂಪಿಗೆ ಮುಟ್ಟಿಸಲು ಕಾಕಾ ಹೊರಟ. ಕಾಲುವೆಯಲ್ಲಿ ನೀರು ನೋಡಬೇಕೆಂದು ನಾನು ಹಿಂದೆ ಹತ್ತಿದೆ. ದಂಡೆಯ ದಾರಿ ನೇರ, ಪಕ್ಕಕ್ಕೆ ಕೆಂಪು ನೀರು ದಂಡೆಯುದ್ದಕ್ಕೂ ತುಂಬಿ ಹರಿಯುತ್ತಿತ್ತು. ಅಷ್ಟು ನೀರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಕಾಕಾ ಏನೋ ಹಾಡುತ್ತಿದ್ದ. ಹಾಡು ನಿಲ್ಲಿಸಿದ. ತಲೆ ಓರೆ ಮಾಡಿ ಎಂಜಿನ್ನಿನ ಸದ್ದು ಕೇಳಿದ. “ಶಾಂತಾ, ಗಟ್ಟಿ ಹಿಡಕೋ” ಎಂದು ಅವನ ಕೈ ಕ್ಲಚ್ಚಿಗೆ ಹೋಗುವುದರೊಳಗೆ, ಹಿಂದಿನ ಗಾಲಿ ಯಾರೋ ಹಿಡಿದು ನಿಲ್ಲಿಸಿದಂತೆ ನಿಂತುಬಿಟ್ಟಿತು. ನಾನು ಬಿದ್ದದ್ದು ದಂಡೆಗೆ ಹಾಸಿದ ಕಲ್ಲಿನ ಮೇಲೆ. ನೀರಿಗೆ ಬಿದ್ದಿದ್ದರೆ ಕಾಲು ಉಳಿದು ಜೀವ ಹೋಗುತ್ತಿತ್ತೋ ಏನೋ. ಮೊಣಕಾಲು ನನ್ನದಲ್ಲ ಎಂಬಂತೆ ಬೇರೆ ದಿಕ್ಕಿಗೆ ತಿರುಗಿತ್ತು. ಕಾಕಾನ ಮುಖದ ಒಂದು ಬದಿ ಉಜ್ಜಿಹೋಗಿತ್ತು. ಅವನು ನನ್ನನ್ನು ಎತ್ತಿಕೊಂಡು ಟ್ರ್ಯಾಕ್ಟರ್ ಸಿಗುವವರೆಗೆ ಓಡಿದ.

ನಾನು ಆಸ್ಪತ್ರೆಯಲ್ಲಿದ್ದಾಗ ಕಾಕಾ ನನ್ನ ಮಂಚ ಬಿಟ್ಟು ಹೋಗಲಿಲ್ಲ. ಆ ಹೊತ್ತಿನಲ್ಲಿ ಮನೆಯಲ್ಲಿ ಎಂಜಿನ್ ಬಿಚ್ಚಿದ್ದು ಅಪ್ಪ. ಬಿಚ್ಚಿದ್ದನ್ನು ನಾನು ನೋಡಿಲ್ಲ. ಕಚ್ಚಿಕೊಂಡ ಬೇರಿಂಗ್ ಯಾರಿಗೂ ಸಿಗಲಿಲ್ಲ ಎಂಬುದಷ್ಟು ಗೊತ್ತು.

ಹಿರಿಯರು ಕೂಡಿದ್ದು ನಾನು ಮನೆಗೆ ಬಂದ ಮೇಲೆ, ನಮ್ಮದೇ ಪಡಸಾಲೆಯಲ್ಲಿ. ಅಪ್ಪನ ಸೋದರಮಾವ ಅಬ್ಬೆತುಮಕೂರಿನಿಂದ ಬಂದಿದ್ದ. ಅವನನ್ನು ನಾವು ಅಜ್ಜ ಎನ್ನುತ್ತಿದ್ದೆವು. ಓಣಿಯ ಕೆಲವರೂ ಇದ್ದರು. ನನ್ನನ್ನು ಕಾಲಿಗೆ ಕಟ್ಟಿದ ಪಟ್ಟಿಯೊಂದಿಗೆ ನಡುವೆ ಚಾಪೆಯ ಮೇಲೆ ಕೂರಿಸಿದರು. ಈಗ ಅನಿಸುತ್ತದೆ, ಅಂದು ನಾನಲ್ಲ, ನನ್ನ ಕಾಲು ಮಾತ್ರ ಅಲ್ಲಿ ಬೇಕಾಗಿತ್ತು. ಅಪ್ಪ ಜೋರಾಗಿ ಮಾತಾಡಲಿಲ್ಲ. ಅವನು ಕೇಳಿದ್ದು ಒಂದೇ.

“ಈ ಅಂಗಡಿಯಾಗ ಬೇರಿಂಗ್ ಕೂಡಿಸಾವ ಯಾರು? ಶಹಾಪುರದಾಗ ಯಾರನ್ನರ ಕೇಳ್ರಿ.”

ಎಲ್ಲರೂ ಕಾಕಾನ ಕಡೆ ನೋಡಿದರು. ಕಾಕಾನ ಹೆಸರೇ ಕಾಕಾನ ಮೇಲೆ ಸಾಕ್ಷಿ ಹೇಳಿತು. ಅವನು ಎದ್ದು ಅಡುಗೆಮನೆಗೆ ಹೋಗಿ, ಗೋಡೆಯ ಗೂಡಿನಲ್ಲಿಟ್ಟಿದ್ದ ಎಣ್ಣೆಕಾಗದದ ಪೊಟ್ಟಣ ತಂದು ಅಜ್ಜನ ಮುಂದಿಟ್ಟ.

“ನಾ ತಂದದ್ದು ಇದು. ಇದು ಇಲ್ಲೇ ಅದ. ಹಂಗಾದ್ರ ಇಂಜನ್ನಿನಾಗ ಇದ್ದದ್ದು ಯಾವುದು? ಅದನ್ನ ತರಸ್ರಿ.”

ಅಜ್ಜ ಬೇರಿಂಗನ್ನು ಎತ್ತಿ, ಬಳೆ ನೋಡುವಂತೆ ನೋಡಿ, ಅಲ್ಲಾಡಿಸಿದ. ಅದು ಗಿಲಗಿಲ ಎಂದಿತು. “ಇದು ಸಡಲೇ ಅದಲ್ಲೋ” ಅಂದ. ಅಪ್ಪ ಆಗ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ.

“ನೋಡ್ರಿ ಮಾವಾ, ಸಡಲಿರಲಿ ಬಿಡಲಿ, ಹೊಸಾದು ತನಗ ಉಳಿಸಿಕೊಂಡಾನ. ಸವೆದದ್ದನ್ನ ನನ್ನ ಮಗಳ ಕೆಳಗ ಹಾಕ್ಯಾನ.”

ಕಾಕಾ ಅಪ್ಪನನ್ನು ನೋಡಿದ. ಆ ನೋಟದ ಬಗ್ಗೆ ನಾನೇನೂ ಬರೆಯಲಾರೆ. ಆಗ ಬಾಗಿಲ ಮರೆಯಿಂದ ಚಿಗವ್ವನ ದನಿ ಬಂತು. ಅಷ್ಟು ಗಂಡಸರ ಮುಂದೆ, ಭಾವ ಕೂತಿರುವಾಗ, ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಆದರೂ ಅವಳು ನನಗೇ ಹೇಳಿದಳು.

“ಶಾಂತಾ, ಹೇಳು. ಒಲಿ ಮುಂದ ಏನು ನೋಡೀವಿ ಹೇಳು. ತಗಡಿನ ಮುಚ್ಚಳ ಇದ್ದುವು ಅಂತ ಹೇಳು. ಗ್ರೀಸ್ ಹನೀತು ಅಂತ ಹೇಳು.”

ನಾನು ಹೇಳಿದೆ. ಇಲ್ಲಿ ಬರೆದಷ್ಟನ್ನೂ, ಇದೇ ಕ್ರಮದಲ್ಲಿ, ಅಳದೆ ಹೇಳಿದೆ. ಅಪ್ಪ ನೆಲ ನೋಡುತ್ತಿದ್ದ. ಅಜ್ಜ ಎಲ್ಲವನ್ನೂ ಕೇಳಿಸಿಕೊಂಡು, ನನ್ನ ತಲೆ ಸವರಿದ.

“ಕೂಸು ಆಕಿ ಹೇಳಿಕೊಟ್ಟದ್ದು ಹೇಳ್ತದ. ದಿನಾ ಹಂಗೇ ಅಲ್ಲೇನು ಈ ಮನ್ಯಾಗ? ಆಕಿ ಅಂದದ್ದನ್ನ ಕೂಸು ಅಂತದ.”

“ಹಂಗಾದ್ರ ಆಕೀನ್ನೇ ಕೇಳ್ರಿ” ಎಂದ ಕಾಕಾ.

“ಭಾವನ ಮುಂದ ನಿಂತು ಭಾವನ ಮ್ಯಾಲ ಸಾಕ್ಷಿ ಹೇಳಸ್ತೀಯೇನೋ ಹೇಣ್ತೀ ಕೈಲೆ? ಮಾನ ಅದನೋ ಇಲ್ಲೋ ನಿಮಗ?”

ನೋಡಿದವರು ಇಬ್ಬರು. ಒಬ್ಬಳಿಗೆ ಬಾಯಿ ಇರಲಿಲ್ಲ, ಇನ್ನೊಬ್ಬಳ ಬಾಯಿ ಅವಳದಲ್ಲ. ಬ್ಯಾಳಿ ಬಡಿಸುವಾಗ ಆಡಿದ ಆಟ ಹೀಗೆ ಸಾಕ್ಷಿಯನ್ನೇ ನುಂಗಿತು. ಅಪ್ಪ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ಹೇಳಲಿಲ್ಲ. ಮರುದಿನ ಕಾಕಾ ಮತ್ತು ಚಿಗವ್ವ ಸುರಪುರಕ್ಕೆ ಹೊರಟರು. ಕಾಕಾ ಪಡಸಾಲೆಯ ಒಂದು ಸ್ಪ್ಯಾನರನ್ನೂ ಮುಟ್ಟಲಿಲ್ಲ, ಎಣ್ಣೆಕಾಗದದ ಪೊಟ್ಟಣವನ್ನಷ್ಟೇ ಜೇಬಿನಲ್ಲಿಟ್ಟುಕೊಂಡ. ಆ ರಾತ್ರಿ ನಾನು ಅವ್ವನನ್ನು ಕೇಳಿದೆ, ನೀನಾದರೂ ನನ್ನ ಮಾತು ನಂಬುತ್ತೀಯಾ ಎಂದು. ಅವಳು ಹಂಚನ್ನು ಬೂದಿ ಹಾಕಿ ತಿಕ್ಕುತ್ತಲೇ ಇದ್ದಳು.

“ನಿನ್ನ ಕಾಲು ಹೋತು. ಇನ್ನ ನಿಮ್ಮಪ್ಪನೂ ಹೋಗಬೇಕೇನು?”

ಅಂದರೆ ಅವಳು ನಂಬಿದ್ದಳು.

ಕಾಕಾ ಸುರಪುರದಲ್ಲಿ ಪಂಪಿನ ಮೋಟರುಗಳ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಸಾಯುವವರೆಗೆ ಮುಚ್ಚಳದ ಬೇರಿಂಗುಗಳನ್ನೇ ಹಾಕಿದ, ಅವು ಎಲ್ಲಿ ಹಾಕಬೇಕೋ ಅಲ್ಲಿ. ಸ್ಕೂಟರಿನ ಎಂಜಿನ್ ಮತ್ತೆ ಮುಟ್ಟಲಿಲ್ಲ. ನಮ್ಮ ಪಡಸಾಲೆಗೆ ಗಾಡಿಗಳು ಬರುವುದು ಕಡಿಮೆಯಾಗಿ ನಿಂತಿತು. ಅಪ್ಪ ಮತ್ತೆ ಪಂಚರ್ ತಿದ್ದಿದ. ಅವನು ನನ್ನನ್ನು ದಿನವೂ ಸೈಕಲ್ಲಿನ ಹಿಂದೆ ಕೂರಿಸಿ ಸಾಲೆಗೆ ಬಿಟ್ಟ, ಕರೆತಂದ. ಮಲಗುವ ಮುಂಚೆ ಹರಳೆಣ್ಣೆ ಬಿಸಿ ಮಾಡಿ ಮಡಚದ ನನ್ನ ಮೊಣಕಾಲಿಗೆ ತಿಕ್ಕುತ್ತಿದ್ದ, ಹಣೆಯಲ್ಲಿ ಬೆವರು ಬರುವವರೆಗೆ. ಎಷ್ಟು ವರ್ಷ ತಿಕ್ಕಿದರೂ ಎಣ್ಣೆ ಚರ್ಮದ ಮೇಲೆಯೇ ಉಳಿಯಿತು. ಯಾವ ಕೀಲಿಗೆ ಎಲ್ಲಿಂದ ಎಣ್ಣೆ ಹೋಗಬೇಕು ಎಂಬುದು ಅಪ್ಪನಿಗೆ ಕಡೆಯವರೆಗೂ ತಿಳಿಯಲಿಲ್ಲ. ನಾನು ಅವನನ್ನು ಪ್ರೀತಿಸಿದೆ, ಕ್ಷಮಿಸಲಿಲ್ಲ. ಎರಡೂ ಒಂದೇ ಮನೆಯಲ್ಲಿ ಇರಬಹುದು. ನಮ್ಮ ಮನೆಯಲ್ಲಿ ಇದ್ದವು.

ಅಪ್ಪ ತೀರಿಕೊಂಡ ದಿನ ಚಿಗವ್ವ ಬಂದಳು. ಅಷ್ಟರೊಳಗೆ ಕಾಕಾ ಹೋಗಿ ಕೆಲವು ವರ್ಷವಾಗಿತ್ತು, ಅವ್ವನೂ ಇರಲಿಲ್ಲ. ಅಪ್ಪನನ್ನು ಪಡಸಾಲೆಯಲ್ಲಿ, ಅಂದು ಹಿರಿಯರು ಕೂತ ಜಾಗದಲ್ಲೇ, ಗೋಡೆಗೆ ಒರಗಿಸಿ ಕೂರಿಸಿದ್ದರು. ಚಿಗವ್ವ ಬಾಗಿಲ ಹತ್ತಿರ ನಿಂತಳು. ತಲೆ ಪೂರ್ತಿ ನೆರೆತಿತ್ತು. ಈಗಲಾದರೂ ಅವನ ಮುಖ ನೋಡಿ ಹೇಳುತ್ತಾಳೆ ಎಂದು ನಾನು ಕಾದೆ. ಅವಳು ಸೆರಗನ್ನು ಹಣೆಯ ಕೆಳಗೆ ಎಳೆದುಕೊಂಡಳು. ಗೋಡೆಯ ಕಡೆಗೆ ತಿರುಗಿದಳು.

“ಶಾಂತಾ, ನಿಮ್ಮಪ್ಪಗ ಹೇಳು. ಅದಕ್ಕ ತಗಡಿನ ಮುಚ್ಚಳ ಇದ್ದುವು ಅಂತ ಹೇಳು.”

ನಾನು ಕುಂಟುತ್ತ ಹೋಗಿ ಅಪ್ಪನ ಕಿವಿಯ ಬಳಿ ಬಾಗಿ ಹೇಳಿದೆ. ಅವನು ಸುಮ್ಮನಿದ್ದ, ಅಂದಿನಂತೆಯೇ.

ಆ ಬೆಳಗ್ಗೆ ಒಲೆಯ ಮುಂದೆ ಇದ್ದವರು ಮೂವರು. ಬೇರಿಂಗ್ ಹಾಕಿದ ಮಲ್ಲಪ್ಪ, ನನ್ನ ತಂದೆ, ಈಗಿಲ್ಲ. ಕಣಜಕ್ಕೆ ಬೆನ್ನು ಕೊಟ್ಟು ನಿಂತ ನಾನು ಇದ್ದೇನೆ. ಒಲೆಯ ಆಚೆ ಬದಿಗೆ ನಿಂತಿದ್ದವಳು ನಿಂಗವ್ವ, ಸಾಬಣ್ಣನ ಹೆಂಡತಿ, ಸುರಪುರದಲ್ಲಿ ಬದುಕಿದ್ದಾಳೆ. ಒಮ್ಮೆಯೂ ಓಡದ ಆ ಬೇರಿಂಗ್ ಅವಳ ಅಡುಗೆಮನೆಯ ಗೂಡಿನಲ್ಲಿದೆ, ಅಲ್ಲಾಡಿಸಿದರೆ ಈಗಲೂ ಗಿಲಗಿಲ ಎನ್ನುತ್ತದೆ. ನಾನು ಬರೆದದ್ದರಲ್ಲಿ ಸಂಶಯವಿದ್ದವರು ಹೋಗಿ ಅವಳನ್ನು ಕೇಳಬಹುದು. ಸೆರಗು ಇಳಿಸಬೇಕಾದ ಭಾವ ಈಗ ಇಲ್ಲ. ಈಗ ಅವಳು ಯಾರ ಜೊತೆಗಾದರೂ ನೇರವಾಗಿ ಮಾತಾಡುತ್ತಾಳೆ.